ತಿಂತ್ರಿಣೀ ಗಚ್ಛ: ತಿಪ್ಪೂರಿನ ಶಾಸನವೂ ಮಂಡ್ಯ ನಾಡಿನ ಹುಣಸೆಯ ಮರವೂ

ಜಿನಶಾಸನದಲ್ಲಿ ವೃಕ್ಷಕ್ಕೆ ಸಲ್ಲುವ ಗೌರವ ಶ್ರಾವಕ ಸಮಾಜಕ್ಕೆ ಅಪರಿಚಿತವಾದುದಲ್ಲ. ಅಷ್ಟಮಹಾಪ್ರಾತಿಹಾರ್ಯಗಳನ್ನು ಎಣಿಸುವಾಗ ಮೊದಲು ಬರುವ ಹೆಸರೇ ಅಶೋಕವೃಕ್ಷದ್ದು. ಅದರ ನೆರಳಿನಲ್ಲಿ ಸಿಂಹಾಸನ, ಅದರ ಮೇಲೆ ಛತ್ರತ್ರಯ, ಇಕ್ಕೆಲಗಳಲ್ಲಿ ಚಾಮರ. ಸಮವಸರಣದ ಕಲ್ಪನೆಯೇ ಮರವೊಂದರ ಬುಡದಿಂದ ಆರಂಭವಾಗುತ್ತದೆ. ಒಬ್ಬೊಬ್ಬ ತೀರ್ಥಂಕರರಿಗೂ ಕೇವಲಜ್ಞಾನವು ಉದಯಿಸಿದ ವೃಕ್ಷ ಯಾವುದೆಂಬುದನ್ನು ಪ್ರಾಚೀನ ಗ್ರಂಥಗಳು ಹೆಸರಿಸಿ ಹೇಳಿವೆ. ಆದಿನಾಥ ಸ್ವಾಮಿಗೆ ಆಲ, ಸುಪಾರ್ಶ್ವನಾಥ ಸ್ವಾಮಿಗೆ ಶಿರೀಷ, ಮಲ್ಲಿನಾಥ ಸ್ವಾಮಿಗೆ ಅಶೋಕ, ವರ್ಧಮಾನ ಸ್ವಾಮಿಗೆ ಶಾಲ ಎಂಬುದು ಪರಂಪರೆಯಲ್ಲಿ ಬಂದಿರುವ ಮಾತು. ಇವುಗಳಲ್ಲಿ, ಕನ್ನಡಿಗರು ಬಾಗೆ ಎಂದು ಕರೆಯುವ ಶಿರೀಷವೂ ಅಶೋಕವೂ ಇಂದಿನ ಸಸ್ಯಶಾಸ್ತ್ರದ ವರ್ಗೀಕರಣದಂತೆ ಒಂದೇ ಕುಟುಂಬಕ್ಕೆ ಸೇರಿದುವು. ಅವರೆ, ತೊಗರಿ, ಹುರುಳಿ, ಬಟಾಣಿಗಳು ಸೇರಿರುವುದೂ ಆ ಕುಟುಂಬಕ್ಕೇ.

ಅದೇ ಕುಟುಂಬದ ಇನ್ನೊಂದು ಮರವಿದೆ. ಅದು ಯಾವ ತೀರ್ಥಂಕರರ ಕೇವಲವೃಕ್ಷವೂ ಅಲ್ಲ. ಅದಕ್ಕೆ ಯಾರೂ ಅರಿಸಿನ ಕುಂಕುಮವಿಟ್ಟು ಪ್ರದಕ್ಷಿಣೆ ಬರುವುದಿಲ್ಲ. ಮನೆಯ ಅಂಗಳದಲ್ಲಿ ಅದನ್ನು ನೆಡಲು ಹಿರಿಯರು ಒಪ್ಪುವುದಿಲ್ಲ. ಊರ ಹೊರಗೆ, ಕೆರೆಯ ಏರಿಯ ಕೆಳಗೆ, ಹೊಲದ ಬದುವಿನಲ್ಲಿ, ದಾರಿಯ ಬದಿಯಲ್ಲಿ ನಿಂತು ನೆರಳನ್ನೂ ಹುಳಿಯನ್ನೂ ಕೊಡುವ ಹುಣಸೆಯ ಮರವದು. ಪೂಜೆಯಿಂದ ಹೊರಗುಳಿದ ಈ ಮರಕ್ಕೆ ದಿಗಂಬರ ಮುನಿಪರಂಪರೆಯಲ್ಲಿ ಮಾತ್ರ ಅಪೂರ್ವವಾದ ಮನ್ನಣೆಯೊಂದು ದೊರೆತಿದೆ. ಮೂಲಸಂಘದ ಕ್ರಾಣೂರ್ ಗಣದ ಒಂದು ಮುನಿಶಾಖೆ ತನ್ನನ್ನು ತಿಂತ್ರಿಣೀ ಗಚ್ಛ, ಅಂದರೆ ಹುಣಸೆಯ ಗಚ್ಛ, ಎಂದು ಕರೆದುಕೊಂಡಿತು. ಆ ಗಚ್ಛದ ಮುನಿಗಳಿಗೆ ಒಂದಿಡೀ ಊರೇ ದತ್ತಿಯಾಗಿ ಸಂದ ಸ್ಥಳ ದೂರದಲ್ಲಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಅರೆತಿಪ್ಪೂರೇ ಅದು. ಆ ಶಾಸನ, ಆ ಮರ ಮತ್ತು ಆ ನೆಲ, ಈ ಮೂರರ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಚ್ಛಗಳ ಹೆಸರು ಮತ್ತು ಮರದ ಬುಡ

ಕರ್ನಾಟಕದ ಜೈನ ಶಾಸನಗಳಲ್ಲಿ ಆಚಾರ್ಯರನ್ನು ಹೆಸರಿಸುವ ಕ್ರಮ ಬಹುಮಟ್ಟಿಗೆ ಒಂದೇ ಬಗೆಯದು. ಮೊದಲು ಸಂಘ, ಬಳಿಕ ಅನ್ವಯ, ಗಣ, ಗಚ್ಛ, ಆಮೇಲೆ ಗುರುವಿನ ಹೆಸರು, ಕಡೆಗೆ ಶಿಷ್ಯನ ಹೆಸರು. ಶ್ರವಣಬೆಳಗೊಳದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮೂಲಸಂಘ, ಕೊಂಡಕುಂದಾನ್ವಯ, ದೇಶಿಯ ಗಣ, ಪುಸ್ತಕ ಗಚ್ಛ ಎಂಬ ಸಾಲು ಓದುಗರಿಗೆ ಪರಿಚಿತವಾದುದು. ಇವುಗಳಲ್ಲಿ ಕೊಂಡಕುಂದೆ ಊರಿನ ಹೆಸರು. ಪುಸ್ತಕವೆಂಬುದು ಶಾಸ್ತ್ರಾಧ್ಯಯನವನ್ನು ನೆನಪಿಗೆ ತರುವ ಹೆಸರು. ಸೇನ ಗಣಕ್ಕೆ ಪೊಗರಿ ಗಚ್ಛ, ಕ್ರಾಣೂರ್ ಗಣಕ್ಕೆ ಮೇಷಪಾಷಾಣ ಗಚ್ಛ ಮತ್ತು ತಿಂತ್ರಿಣೀ ಗಚ್ಛ, ಹೀಗೆ ಬೇರೆ ಬೇರೆ ಶಾಖೆಗಳು ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಮುನಿಸಂಘಗಳಿಗೆ ಮರದ ಹೆಸರು ಬರುವುದು ಆಕಸ್ಮಿಕವಲ್ಲವೆಂಬುದಕ್ಕೆ ಪರಂಪರೆಯಲ್ಲಿಯೇ ಆಧಾರವಿದೆ. ಇಂದ್ರನಂದಿಯ ಶ್ರುತಾವತಾರದಲ್ಲಿ ಅರ್ಹದ್ಬಲಿ ಆಚಾರ್ಯರು ಸಂಘವನ್ನು ವಿಂಗಡಿಸಿದ ಕಥೆ ಬರುತ್ತದೆ. ಯುಗಪ್ರತಿಕ್ರಮಣಕ್ಕಾಗಿ ನಾನಾ ಕಡೆಗಳಿಂದ ಬಂದು ನೆರೆದ ಮುನಿಗಳನ್ನು ನೋಡಿದ ಆಚಾರ್ಯರು, ಮುಂದೆ ಪಕ್ಷಭಾವ ತಲೆದೋರುವುದನ್ನು ಮನಗಂಡು, ಅವರವರು ಬಂದ ನೆಲೆಯನ್ನು ಅನುಸರಿಸಿ ಹೆಸರುಗಳನ್ನು ಇಟ್ಟರಂತೆ. ಗುಹೆಯಿಂದ ಬಂದವರಿಗೆ ಒಂದು ಹೆಸರು, ಅಶೋಕವನದಿಂದ ಬಂದವರಿಗೆ ಇನ್ನೊಂದು, ಶಾಲ್ಮಲಿ ಎಂದರೆ ಬೂರುಗದ ಮರದ ಬುಡದಿಂದ ಬಂದವರಿಗೆ ಮತ್ತೊಂದು, ಖಂಡಕೇಸರ ವೃಕ್ಷದ ಬುಡದಿಂದ ಬಂದವರಿಗೆ ಬೇರೊಂದು. ಈ ಕಥೆಯ ಐತಿಹಾಸಿಕತೆ ಹೇಗೇ ಇರಲಿ, ಮುನಿಸಮೂಹವನ್ನು ಅದು ತಂಗಿದ್ದ ಮರದಿಂದ ಗುರುತಿಸುವುದು ಸಹಜವೆಂಬ ಭಾವನೆ ಆ ಕಾಲದಲ್ಲಿ ಬಲವಾಗಿ ಬೇರೂರಿತ್ತೆಂಬುದಂತೂ ಇದರಿಂದ ಸ್ಪಷ್ಟವಾಗುತ್ತದೆ.

ಶಾಸನಗಳ ಸಾಕ್ಷ್ಯವೂ ಇದಕ್ಕೆ ಅನುಗುಣವಾಗಿದೆ. ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ, ಕ್ರಿ. ಶ. ೮೧೩ರ ಕಡಬದ ತಾಮ್ರಪಟದಲ್ಲಿ ಜಿನಾಲಯಕ್ಕಾಗಿ ದತ್ತಿ ಪಡೆದ ಅರ್ಕಕೀರ್ತಿ ಮುನಿಯ ಪರಂಪರೆಯನ್ನು ಪುನ್ನಾಗವೃಕ್ಷಮೂಲ ಗಣವೆಂದು ಕರೆಯಲಾಗಿದೆ. ಪುನ್ನಾಗವೆಂದರೆ ಸುರಹೊನ್ನೆ, ಸುರಹೊನ್ನೆಯ ಬುಡದ ಗಣವೆಂದು ಆ ಹೆಸರಿನ ಅರ್ಥ. ಯಾಪನೀಯ ಸಂಘದಲ್ಲಿ ವೃಕ್ಷಮೂಲವೆಂದು ಕೊನೆಗೊಳ್ಳುವ ಬೇರೆ ಗಣಗಳ ಹೆಸರುಗಳೂ ದೊರೆತಿವೆ.

ಇದರ ಹಿಂದೆ ಮುನಿಗಳ ಆಚಾರವೂ ಇದೆ. ಬೇಸಗೆಯಲ್ಲಿ ಬಿಸಿಲಿಗೆ ಮೈಯೊಡ್ಡುವ ಆತಾಪನ ಯೋಗ, ಚಳಿಗಾಲದಲ್ಲಿ ಬಯಲಿನಲ್ಲಿ ನಿಲ್ಲುವ ಅಭ್ರಾವಕಾಶ ಯೋಗ, ಮಳೆಗಾಲದಲ್ಲಿ ಮರದ ಬುಡದಲ್ಲಿ ನಿಲ್ಲುವ ವೃಕ್ಷಮೂಲ ಯೋಗ ಎಂದು ಮೂರು ಕಠಿನ ಯೋಗಗಳನ್ನು ಶಾಸ್ತ್ರಗಳು ಹೇಳುತ್ತವೆ. ಎಲೆಗಳಿಂದ ತೊಟ್ಟಿಕ್ಕುವ ನೀರನ್ನೂ ಗಾಳಿಯನ್ನೂ ಸಹಿಸುತ್ತ ಮರದಡಿ ನಿಂತ ಯತಿಗೆ ಆ ಮರ ಮಠವಲ್ಲ, ಮನೆಯಲ್ಲ. ಆದರೂ ನೋಡುವ ಜನರ ಕಣ್ಣಿಗೆ ಯತಿಯ ಗುರುತು ಆ ಮರವೇ ಆಗಿರುತ್ತಿತ್ತು. ಹುಣಸೆಯ ಮರದ ಮುನಿಗಳೆಂದು ಹಳ್ಳಿಯ ಜನ ಕರೆದುದು ಕಾಲಾನಂತರದಲ್ಲಿ ಸಂಸ್ಕೃತವಾಗಿ ತಿಂತ್ರಿಣೀ ಗಚ್ಛವೆಂದು ಶಾಸನವನ್ನು ಸೇರಿತೆಂದು ಊಹಿಸಲು ಅವಕಾಶವಿದೆ. ಹುಣಸೆಯ ಹೆಸರಿನ ಊರೊಂದು ಈ ಗಚ್ಛದ ಮೂಲಸ್ಥಾನವಾಗಿದ್ದಿರಬಹುದೆಂದು ಊಹಿಸುವುದೂ ಅಸಂಗತವಲ್ಲ. ಕೊಂಡಕುಂದಾನ್ವಯದಂತೆ ಊರಿನಿಂದ ಬಂದ ಹೆಸರುಗಳಿಗೂ ಕೊರತೆಯಿಲ್ಲ. ಆದರೆ ಊರಿಗೆ ಆ ಹೆಸರು ಬಂದುದು ಮರದಿಂದಲೇ ಆದುದರಿಂದ ಎರಡು ದಾರಿಗಳೂ ಕಡೆಗೆ ಒಂದೇ ಮರದ ಬುಡಕ್ಕೆ ಬಂದು ಸೇರುತ್ತವೆ. ಗಚ್ಛವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಮರವೆಂಬ ಅರ್ಥವೂ ಉಂಟೆಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ಹುಣಸೆಯ ಪರಿಚಯ

ಹುಣಸೆಯನ್ನು ಸಂಸ್ಕೃತದಲ್ಲಿ ತಿಂತ್ರಿಣೀ, ತಿಂತಿಡೀ, ಚಿಂಚಾ, ಆಮ್ಲಿಕಾ ಎಂಬ ಹೆಸರುಗಳಿಂದ ಕರೆಯುತ್ತಾರೆ. ತಮಿಳಿನಲ್ಲಿ ಅದು ಪುಳಿ, ತೆಲುಗಿನಲ್ಲಿ ಚಿಂತ, ಮರಾಠಿಯಲ್ಲಿ ಚಿಂಚ. ಹಳಗನ್ನಡದ ಪುಣಿಸೆಯೇ ನಡುಗನ್ನಡದಲ್ಲಿ ಹುಣಿಸೆಯಾಗಿ, ಇಂದು ಹುಣಸೆಯಾಗಿದೆ. ಪಕಾರವು ಹಕಾರವಾಗುವ ಈ ನಿಯಮವನ್ನು ಜೈನ ವೈಯಾಕರಣ ಕೇಶಿರಾಜನು ೧೩ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದಲ್ಲಿ ವಿವರಿಸಿದ್ದಾನೆ. ಹುಣಸೂರು, ಹುಣಸಗಿ, ಹುಣಸಮಾರನಹಳ್ಳಿಗಳಂತಹ ಊರ ಹೆಸರುಗಳು ಕನ್ನಡ ನಾಡಿನ ಉದ್ದಗಲಕ್ಕೂ ಈ ಮರದ ಗುರುತನ್ನು ಉಳಿಸಿಕೊಂಡಿವೆ.

ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಲಿನೇಯಸ್ ೧೭೫೩ರಲ್ಲಿ ಇದಕ್ಕೆ ಟ್ಯಾಮರಿಂಡಸ್ ಇಂಡಿಕಾ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ಅರಬ್ಬರು ಇದನ್ನು ತಮರ್ ಹಿಂದಿ, ಎಂದರೆ ಹಿಂದೂಸ್ಥಾನದ ಖರ್ಜೂರ, ಎಂದು ಕರೆಯುತ್ತಿದ್ದುದೇ ಈ ಹೆಸರಿಗೆ ಮೂಲ. ಹೆಸರಿನಲ್ಲಿ ಎರಡು ಬಾರಿ ಭಾರತವನ್ನು ಹೊತ್ತಿದ್ದರೂ ಈ ಮರದ ತೌರು ಆಫ್ರಿಕದ ಉಷ್ಣಪ್ರದೇಶವೆಂಬುದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಬಹು ಪ್ರಾಚೀನ ಕಾಲದಲ್ಲಿಯೇ ಇಲ್ಲಿಗೆ ಬಂದು, ಇಲ್ಲಿಯ ಅಡಿಗೆ, ಔಷಧ, ಗಾದೆ ಮತ್ತು ಊರ ಹೆಸರುಗಳಲ್ಲಿ ಬೆರೆತು ಈ ನೆಲದ್ದೇ ಆಗಿಹೋಗಿದೆ. ಇನ್ನೊಂದು ವಿಶೇಷವೆಂದರೆ, ಟ್ಯಾಮರಿಂಡಸ್ ಎಂಬ ಜಾತಿಯಲ್ಲಿ ಇರುವುದು ಇದೊಂದೇ ಪ್ರಭೇದ, ಅದಕ್ಕೆ ದಾಯಾದಿಗಳಿಲ್ಲ.

ಮರ ನಿಧಾನವಾಗಿ ಬೆಳೆದು ಇಪ್ಪತ್ತು ಮೀಟರುಗಳಿಗೂ ಮೀರಿ ಎತ್ತರವಾಗುತ್ತದೆ. ನೂರಾರು ವರ್ಷ ಬಾಳುತ್ತದೆ. ಎಲೆ ಒಂದೇ ದಂಟಿನ ಇಕ್ಕೆಲಗಳಲ್ಲಿ ಜೋಡಿ ಜೋಡಿಯಾಗಿ ಹೊಂದಿಕೊಂಡ ಸಣ್ಣ ಸಣ್ಣ ಎಸಳುಗಳಿಂದ ಆದುದು. ಇರುಳಾಗುತ್ತಲೇ ಆ ಎಸಳುಗಳು ಮಡಿಚಿಕೊಳ್ಳುತ್ತವೆ. ಹಳದಿಯ ಮೇಲೆ ಕೆಂಪು ಗೆರೆಯೆಳೆದ ಹೂವು ದೂರದಿಂದ ಕಾಣುವಷ್ಟು ದೊಡ್ಡದಲ್ಲ; ಅದರ ಐದು ದಳಗಳಲ್ಲಿ ಮೂರು ಮಾತ್ರ ಚೆನ್ನಾಗಿ ಬೆಳೆದಿರುತ್ತವೆ. ಮುಂಗಾರಿನ ಸುಮಾರಿಗೆ ಹೂವು ಬಿಟ್ಟ ಮರದ ಕಾಯಿ ಮಾಗುವುದು ಸಂಕ್ರಾಂತಿಯಿಂದ ಯುಗಾದಿಯವರೆಗಿನ ದಿನಗಳಲ್ಲಿ. ಆಗ ಉದ್ದನೆಯ ಗಳು ಹಿಡಿದು ಮರವನ್ನು ಬಡಿಯುವುದು, ಸಿಪ್ಪೆ ಬಿಡಿಸುವುದು, ಹಣ್ಣನ್ನು ಕುಟ್ಟಿ ಬೀಜ ತೆಗೆಯುವುದು, ಉಪ್ಪು ಬೆರೆಸಿ ಉಂಡೆ ಕಟ್ಟಿ ವರ್ಷದ ಬಳಕೆಗೆ ಗಡಿಗೆಯಲ್ಲಿ ತುಂಬಿಡುವುದು ಹಳ್ಳಿಯ ಮನೆಗಳಲ್ಲಿ ವಾರಗಟ್ಟಲೆ ನಡೆಯುವ ಕೆಲಸ.

ಮರದ ಯಾವ ಭಾಗವೂ ವ್ಯರ್ಥವಾಗುವುದಿಲ್ಲ. ಚಿಗುರು ಸಾರಿಗೆ, ಹಣ್ಣು ಅಡಿಗೆಗೆ, ಬೀಜದ ಅಂಟು ಕಂಬಳಿಗೆ ಗಂಜಿ ಹಾಕುವುದಕ್ಕೆ, ಗಟ್ಟಿಯಾದ ಕೇಗು ಎಣ್ಣೆಯ ಗಾಣಕ್ಕೂ ಒನಕೆ ಒರಳುಗಳಿಗೂ ಉಪಯೋಗವಾಗುತ್ತ ಬಂದಿದೆ. ಜಿನಮಂದಿರಕ್ಕೂ ಹುಣಸೆಗೂ ನಿತ್ಯದ ನಂಟೊಂದು ಉಂಟು. ಹಬ್ಬ, ಪ್ರತಿಷ್ಠೆ, ಅಭಿಷೇಕಗಳ ಮುನ್ನಾದಿನ ಬಸದಿಯ ಹಿತ್ತಾಳೆಯ ದೀಪ, ಗಂಟೆ, ಕಲಶಗಳನ್ನು ಹುಣಸೆಯ ಹುಳಿಯಿಂದ ತಿಕ್ಕಿ ಬೆಳಗುವ ಶ್ರಾವಿಕೆಯರ ಕೈಗೆ ಆ ನಂಟು ಚೆನ್ನಾಗಿ ತಿಳಿದಿದೆ. ಇಷ್ಟಾದರೂ ಲೋಕದಲ್ಲಿ ಈ ಮರಕ್ಕೆ ದೊರೆತಿರುವುದು ದೆವ್ವದ ಮರವೆಂಬ ಹೆಸರು. ಇರುಳಿನಲ್ಲಿ ಅದರ ಕೆಳಗೆ ಮಲಗಬಾರದೆಂದು ಜನ ಹೇಳುತ್ತಾರೆ. ಲೋಕ ಅಂಜಿ ದೂರವಿಟ್ಟ ಮರದ ಹೆಸರನ್ನು, ಅಂಜಿಕೆಯನ್ನು ಗೆದ್ದ ನಿರ್ಗ್ರಂಥರು ತಮ್ಮ ಕುಲನಾಮವಾಗಿ ಇಟ್ಟುಕೊಂಡುದು ಗಮನಿಸತಕ್ಕ ವಿಷಯ.

ಕ್ರಾಣೂರ್ ಗಣದ ವಿಸ್ತಾರ

ಕ್ರಾಣೂರ್ ಗಣವನ್ನು ಶಾಸನಗಳು ಕಾಣೂರ್ ಗಣವೆಂದೂ ಬರೆಯುತ್ತವೆ. ಗಂಗ ರಾಜ್ಯದ ಸ್ಥಾಪನೆಗೆ ನೆರವಾದನೆಂದು ಪ್ರಸಿದ್ಧನಾದ ಸಿಂಹನಂದಿ ಆಚಾರ್ಯನನ್ನು ಶಿವಮೊಗ್ಗ ಪ್ರದೇಶದ ೧೨ನೆಯ ಶತಮಾನದ ಕಲ್ಲೂರುಗುಡ್ಡ ಮತ್ತು ಪುರಲೆಯ ಶಾಸನಗಳು ಇದೇ ಗಣದ ಮೇಷಪಾಷಾಣ ಗಚ್ಛಕ್ಕೆ ಸೇರಿಸಿವೆ. ಗಂಗರು ಆಳಿ ಅಳಿದ ಬಹುಕಾಲದ ಮೇಲೆ ಬರೆದ ಶಾಸನಗಳಾದುದರಿಂದ ಈ ಹೇಳಿಕೆಯನ್ನು ಇತಿಹಾಸಕಾರರು ಎಚ್ಚರದಿಂದಲೇ ಬಳಸುತ್ತಾರೆ. ಆದರೆ ೧೨ನೆಯ ಶತಮಾನದ ಹೊತ್ತಿಗೆ ಕ್ರಾಣೂರ್ ಗಣದವರು ತಮ್ಮ ಪರಂಪರೆಯನ್ನು ಗಂಗವಾಡಿಯ ಉದಯದೊಂದಿಗೆ ಬೆಸೆದು ಹೇಳುತ್ತಿದ್ದರೆಂಬುದು ಇದರಿಂದ ಖಚಿತವಾಗುತ್ತದೆ.

ತಿಂತ್ರಿಣೀ ಗಚ್ಛದ ಹೆಸರು ಹೆಚ್ಚಾಗಿ ಕಾಣಿಸುವುದೂ ಮಲೆನಾಡಿನ ಸೆರಗಿನಲ್ಲಿಯೇ. ಬನವಾಸಿ ನಾಡಿಗೆ ಸೇರಿದ್ದ ಬಂದಳಿಕೆ, ಉದ್ಧರೆಗಳ ಸುತ್ತಮುತ್ತ ೧೨ನೆಯ ಶತಮಾನದಲ್ಲಿ ಈ ಗಚ್ಛದ ಮುನಿಚಂದ್ರ, ಭಾನುಕೀರ್ತಿ ಸಿದ್ಧಾಂತದೇವ ಮೊದಲಾದ ಯತಿಗಳು ಸಾಮಂತರ ಮನ್ನಣೆಗೆ ಪಾತ್ರರಾಗಿದ್ದರು. ಅಲ್ಲಿಂದ ಬಹುದೂರ ತೆಂಕಣಕ್ಕೆ, ಕಾವೇರಿ ಮತ್ತು ಶಿಂಷಾ ನದಿಗಳ ನಡುವಣ ಒಣನೆಲದಲ್ಲಿ, ಅದೇ ಗಚ್ಛದ ಹೆಸರು ಕಲ್ಲಿನ ಮೇಲೆ ಕಾಣಿಸಿಕೊಳ್ಳುವುದೇ ತಿಪ್ಪೂರಿನ ಶಾಸನದ ಮಹತ್ತ್ವ.

ತಿಪ್ಪೂರು, ಕನಕಗಿರಿ ತೀರ್ಥ

ಅರೆತಿಪ್ಪೂರಿನ ಹೆಸರಿನ ಮೊದಲಿಗೆ ಬರುವ ಅರೆ ಎಂಬುದು ಬಂಡೆಯನ್ನು ಸೂಚಿಸುವ ಹಳೆಯ ಕನ್ನಡ ಶಬ್ದ. ಊರಿನ ಬಳಿ ಎರಡು ಕಲ್ಲುಬೆಟ್ಟಗಳಿವೆ. ಒಂದರ ಮೇಲೆ ಸುಮಾರು ಹತ್ತು ಅಡಿ ಎತ್ತರದ ಬಾಹುಬಲಿಯ ವಿಗ್ರಹ ನಿಂತಿದೆ. ಜನರು ಅದನ್ನು ಸವಣಪ್ಪನ ಬೆಟ್ಟವೆನ್ನುತ್ತಾರೆ. ಸವಣನೆಂದರೆ ಶ್ರಮಣ. ಸುತ್ತಲಿನ ಒಕ್ಕಲು ಮಕ್ಕಳಿಗೆ ಮತಭೇದದ ಗೊಡವೆಯಿಲ್ಲದೆ ಅವನು ಸವಣಪ್ಪನೇ. ಇನ್ನೊಂದು ಬೆಟ್ಟದಲ್ಲಿ ಬಸದಿಗಳ ಅವಶೇಷಗಳೂ ಜಿನಬಿಂಬಗಳೂ ಇವೆ. ೧೦ನೆಯ ಶತಮಾನದ ಆರಂಭಕ್ಕೆ ಸೇರುವ ಗಂಗರ ಕಾಲದ ಶಾಸನದಲ್ಲಿ ಈ ಸ್ಥಳವನ್ನು ಕನಕಗಿರಿ ತೀರ್ಥವೆಂದು ಕರೆದು, ಇಲ್ಲಿಯ ಬಸದಿಗಾಗಿ ಕನಕಸೇನ ಭಟಾರರಿಗೆ ದತ್ತಿ ಕೊಟ್ಟುದನ್ನು ಹೇಳಿದೆ. ಚಾಮರಾಜನಗರದ ಕಡೆಯ ಮಲೆಯೂರಿನ ಕನಕಗಿರಿಯೂ ಪ್ರಸಿದ್ಧ ಜೈನ ಕ್ಷೇತ್ರವೇ ಆದುದರಿಂದ ಓದುಗರು ಎರಡನ್ನೂ ಒಂದೆಂದು ಭಾವಿಸಬಾರದು.

೧೧ನೆಯ ಶತಮಾನದ ಆರಂಭದಲ್ಲಿ ಗಂಗರ ರಾಜಧಾನಿ ತಲಕಾಡು ಚೋಳರ ವಶವಾಯಿತು. ಇಂದಿನ ಮಳವಳ್ಳಿ, ಮದ್ದೂರು, ಮಂಡ್ಯ ಪ್ರದೇಶಗಳು ನೂರು ವರ್ಷಗಳಿಗೂ ಮಿಕ್ಕಿ ಆ ಆಳಿಕೆಗೆ ಒಳಪಟ್ಟಿದ್ದವು. ಗಂಗ ಅರಸರ ಆಶ್ರಯ ತಪ್ಪಿದ ಬಸದಿಗಳು ಜೀರ್ಣೋದ್ಧಾರವನ್ನು ಬೇಡುವ ಸ್ಥಿತಿಗೆ ಬಂದುವು. ಈ ಸ್ಥಿತಿಯನ್ನು ಬದಲಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ, ಪರಮ ಜಿನಭಕ್ತನಾದ ಗಂಗರಾಜ. ಅವನು ಸುಮಾರು ಕ್ರಿ. ಶ. ೧೧೧೬ರಲ್ಲಿ ಚೋಳರ ಸಾಮಂತರನ್ನು ಸೋಲಿಸಿ ತಲಕಾಡನ್ನು ಗೆದ್ದನು. ವಿಷ್ಣುವರ್ಧನನಿಗೆ ತಲಕಾಡುಗೊಂಡನೆಂಬ ಬಿರುದು ಬಂದುದು ಈ ವಿಜಯದಿಂದಲೇ. ಗೆದ್ದ ನಾಡಿನಲ್ಲೆಲ್ಲ ಹಾಳಾಗಿದ್ದ ಬಸದಿಗಳನ್ನು ಗಂಗರಾಜನು ಎತ್ತಿ ಕಟ್ಟಿಸಿದನೆಂದೂ, ಅವನಿಂದಾಗಿ ಗಂಗವಾಡಿ ತೊಂಬತ್ತಾರುಸಾಸಿರವು ಕೊಪಣದಂತೆ ಶೋಭಿಸಿತೆಂದೂ ಶಾಸನಗಳು ಕೊಂಡಾಡುತ್ತವೆ.

ತಿಪ್ಪೂರಿನ ೧೧೧೭ರ ಶಾಸನ ಹೇಳುವ ಪ್ರಸಂಗ ಈ ಹಿನ್ನೆಲೆಯದು. ವಿಜಯದಿಂದ ಸಂತುಷ್ಟನಾದ ವಿಷ್ಣುವರ್ಧನನು ಮೆಚ್ಚಿದುದನ್ನು ಬೇಡಿಕೋ ಎಂದು ದಂಡನಾಯಕನಿಗೆ ಹೇಳಿದನು. ರಾಜಧಾನಿಯೊಂದನ್ನು ಗೆದ್ದುಕೊಟ್ಟವನು ಏನನ್ನು ಬೇಡಿದ್ದರೂ ದೊರೆಯುತ್ತಿದ್ದ ಹೊತ್ತದು. ಗಂಗರಾಜನು ಬೇಡಿದುದು ತಿಪ್ಪೂರನ್ನು; ಪಡೆದು ತನಗಾಗಿ ಇಟ್ಟುಕೊಳ್ಳಲೂ ಇಲ್ಲ. ಅದನ್ನು ಮೂಲಸಂಘದ ಕಾಣೂರ್ ಗಣದ ತಿಂತ್ರಿಣೀ ಗಚ್ಛದ ಮೇಘಚಂದ್ರ ಸಿದ್ಧಾಂತದೇವರಿಗೆ ಸಮರ್ಪಿಸಿದನು.

ಇಲ್ಲಿ ಎರಡು ವಿಷಯಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಮೊದಲನೆಯದು, ಈ ಮೇಘಚಂದ್ರರು ಯಾರೆಂಬುದು. ಶ್ರವಣಬೆಳಗೊಳದ ಶಾಸನದಲ್ಲಿ ಬಹುವಾಗಿ ಸ್ತುತರಾಗಿರುವ ಮೇಘಚಂದ್ರ ತ್ರೈವಿದ್ಯದೇವರು ದೇಶಿಯ ಗಣದ ಪುಸ್ತಕ ಗಚ್ಛದವರು. ಪಟ್ಟಮಹಿಷಿ ಶಾಂತಲೆಯ ಗುರುಗಳಾದ ಪ್ರಭಾಚಂದ್ರರಿಗೆ ಗುರುಗಳು. ಅವರು ೧೧೧೫ರಲ್ಲಿಯೇ ಸಮಾಧಿಯನ್ನು ಪಡೆದರು. ಎರಡು ವರ್ಷಗಳ ಬಳಿಕ ತಿಪ್ಪೂರನ್ನು ಪಡೆದ ಮೇಘಚಂದ್ರ ಸಿದ್ಧಾಂತದೇವರು ಬೇರೆಯವರು. ಹೆಸರು ಒಂದೇ ಆದ ಇಬ್ಬರು ಸಮಕಾಲೀನ ಆಚಾರ್ಯರನ್ನು ಬೇರ್ಪಡಿಸಿ ತೋರಿಸುವುದು ಗಣ ಗಚ್ಛಗಳ ಉಲ್ಲೇಖವೇ. ತಿಂತ್ರಿಣೀ ಎಂಬ ಒಂದು ಶಬ್ದ ಸವೆದುಹೋಗಿದ್ದರೆ ಇತಿಹಾಸದಲ್ಲಿ ಒಬ್ಬ ಮುನಿಯೇ ಕಳೆದುಹೋಗುತ್ತಿದ್ದರು.

ಎರಡನೆಯದು, ದಾನಿಯ ಔದಾರ್ಯ. ಗಂಗರಾಜನ ಸ್ವಂತ ಗುರುಗಳು ದೇಶಿಯ ಗಣದ ಪುಸ್ತಕ ಗಚ್ಛದ ಶುಭಚಂದ್ರ ಸಿದ್ಧಾಂತದೇವರು. ಗೊಮ್ಮಟೇಶ್ವರನ ಪೂಜೆಗೆಂದು ಗೋವಿಂದವಾಡಿಯನ್ನೂ, ತಾಯಿ ಪೋಚಿಕಬ್ಬೆ ಮತ್ತು ಮಡದಿ ಲಕ್ಷ್ಮಿ ಕಟ್ಟಿಸಿದ ಜಿನಾಲಯಗಳಿಗೆಂದು ಪರಮ ಗ್ರಾಮವನ್ನೂ ಅವನು ಅರಸನಿಂದ ಬೇಡಿ ಪಡೆದು ದತ್ತಿಯಾಗಿ ಬಿಟ್ಟನು. ಆದರೆ ತಿಪ್ಪೂರಿನ ವಿಷಯದಲ್ಲಿ ಅವನು ತನ್ನ ಗುರುಪರಂಪರೆಯದಲ್ಲದ ಗಣದ, ಗಚ್ಛದ ಮುನಿಗೆ ಊರನ್ನು ಕೊಟ್ಟನು. ಯಾವ ತೀರ್ಥದಲ್ಲಿ ಯಾವ ಮುನಿಗಳು ನೆಲಸಿ ಧರ್ಮವನ್ನು ಕಾಪಾಡುತ್ತಿದ್ದರೋ ಆ ತೀರ್ಥ ಅವರಿಗೆ ಸಲ್ಲಲಿ ಎಂಬ ವಿವೇಕ ಇಲ್ಲಿ ಕಾಣುತ್ತದೆ. ಗಣ ಗಚ್ಛಗಳ ಭೇದ ಗುರುತಿಗೆ ಇದ್ದಿತೇ ಹೊರತು ಗೌರವಕ್ಕೆ ಅಡ್ಡಿಯಾಗಿರಲಿಲ್ಲವೆಂಬುದಕ್ಕೆ ಇದು ಉತ್ತಮ ನಿದರ್ಶನ.

ಊರನ್ನು ದತ್ತಿಯಾಗಿ ಬಿಡುವುದೆಂದರೆ ಆ ಊರಿನಿಂದ ಅರಸನಿಗೆ ಸಲ್ಲುವ ಆದಾಯವನ್ನು ಧರ್ಮಕಾರ್ಯಕ್ಕೆ ಒಪ್ಪಿಸುವುದೆಂದು ಅರ್ಥ. ಅಪರಿಗ್ರಹಿಗಳಾದ ಮುನಿಗಳಿಗೆ ಅದರಿಂದ ಆಗಬೇಕಾದುದೇನೂ ಇಲ್ಲ. ಬಸದಿಯ ಪೂಜೆ, ಜೀರ್ಣೋದ್ಧಾರ, ಋಷಿಗಳ ಆಹಾರದಾನಗಳು ಸಾಂಗವಾಗಿ ನಡೆಯಲೆಂದು ಇಂತಹ ದತ್ತಿಗಳನ್ನು ಆಚಾರ್ಯರ ಕಾಲು ತೊಳೆದು ಧಾರೆಯೆರೆದು ಕೊಡುವ ಪದ್ಧತಿ ಇತ್ತು. ದತ್ತಿಯ ನೆಲದ ಎಲ್ಲೆಗಳನ್ನು ಗುರುತಿಸುವಾಗ ಹಳ್ಳ, ಬಂಡೆ, ಕೆರೆಯ ಕೋಡಿಗಳೊಂದಿಗೆ ದೊಡ್ಡ ಮರಗಳನ್ನೂ ಹೆಸರಿಸುವುದು ಕನ್ನಡ ಶಾಸನಗಳಲ್ಲಿ ಸಾಮಾನ್ಯ. ದೀರ್ಘಾಯುಷಿಯಾದ ಮರವೇ ಗಡಿಯ ಸಾಕ್ಷಿ. ಸಾಲುಮರದ ನೆರಳಾಗಿ, ಎಲ್ಲೆಯ ಗುರುತಾಗಿ, ಮುನಿಯ ಗಚ್ಛವಾಗಿ ಮರವು ಅಂದಿನ ಜನಜೀವನದ ಲೆಕ್ಕದಲ್ಲಿ ಸೇರಿಕೊಂಡಿತ್ತು.

ನೆಲದ ಬದಲಾವಣೆ

ತಿಪ್ಪೂರಿನ ಶಾಸನವನ್ನು ಬಿ. ಎಲ್. ರೈಸ್ ಅವರು ೧೮೯೪ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಮಳವಳ್ಳಿ ತಾಲ್ಲೂಕಿನ ಶಾಸನಗಳೊಂದಿಗೆ ಪ್ರಕಟಿಸಿದರು. ಆಗ ಮಂಡ್ಯ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಅದು ಜಿಲ್ಲೆಯಾದುದು ೧೯೩೯ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳು ೧೯೭೯ರಲ್ಲಿ ಏಳನೆಯ ಸಂಪುಟವಾಗಿ ಬಂದುವು. ಹೀಗೆ ಅಕ್ಷರಗಳು ಮುದ್ರಣದಲ್ಲಿ ಸುರಕ್ಷಿತವಾಗಿವೆ. ನೆಲದ ಕಥೆ ಬೇರೆ.

ಕೃಷ್ಣರಾಜಸಾಗರದ ಅಣೆಕಟ್ಟಿನ ಕೆಲಸ ೧೯೧೧ರಲ್ಲಿ ಆರಂಭವಾಗಿ ೧೯೩೦ರ ದಶಕದ ಮೊದಲ ವರ್ಷಗಳಲ್ಲಿ ಮುಗಿಯಿತು. ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಹರಿಯಿತು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆ ಸ್ಥಾಪನೆಯಾಯಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳು ಕಬ್ಬಿನ, ಬತ್ತದ ಗದ್ದೆಗಳಾದುವು. ಬರಗಾಲದ ಅಂಜಿಕೆಯಿಂದ ಲಕ್ಷಾಂತರ ಜನರನ್ನು ಬಿಡಿಸಿದ ಈ ಮಹಾಕಾರ್ಯವನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೆ ಹುಣಸೆ ಒಣನೆಲದ ಮರ. ನೀರು ನಿಂತ ನೆಲ ಅದಕ್ಕೆ ಒಗ್ಗದು. ಅದರ ದಟ್ಟವಾದ ನೆರಳನ್ನು ಗದ್ದೆಯ ರೈತ ಬಯಸುವುದೂ ಇಲ್ಲ. ನೀರಾವರಿಯ ನೆಲದ ಬದುಗಳಿಂದ ಹುಣಸೆ ಹಿಂದೆ ಸರಿಯಿತು. ನಾಲೆಯ ನೀರು ಏರದ ದಿಣ್ಣೆಗಳಲ್ಲಿ, ಕೆರೆಯ ಆಸುಪಾಸಿನಲ್ಲಿ, ಹೆದ್ದಾರಿಯ ಬದಿಗಳಲ್ಲಿ ಉಳಿದುಕೊಂಡಿತು.

ಹೆದ್ದಾರಿಯ ಬದಿಯ ಮರಗಳಿಗೂ ಕಾಲ ಬಂದಿತು. ಮದ್ದೂರು ಮಂಡ್ಯಗಳ ಮೂಲಕ ಹಾದುಹೋಗುವ ಬೆಂಗಳೂರು ಮೈಸೂರು ರಸ್ತೆ ಹಂತ ಹಂತವಾಗಿ ಅಗಲವಾಗುತ್ತ, ೨೦೨೩ರ ಮಾರ್ಚ್ ತಿಂಗಳಿನಲ್ಲಿ ಹತ್ತು ಪಥಗಳ ಹೆದ್ದಾರಿಯಾಗಿ ಉದ್ಘಾಟನೆಗೊಂಡಿತು. ಹಿಂದೆ ಎತ್ತಿನ ಗಾಡಿಗಳಿಗೆ ನೆರಳಾಗಿದ್ದ ಹಳೆಯ ಸಾಲುಮರಗಳು ಅನೇಕ ಕಡೆಗಳಲ್ಲಿ ಉರುಳಿದುವು. ಪ್ರಯಾಣದ ಕಾಲ ಕಡಿಮೆಯಾಯಿತು. ಆದರೆ ತಲೆಮಾರುಗಳು ಕಾದು ಬೆಳೆಸಿದ ಮರವನ್ನು ಯಾವ ವೇಗವೂ ಮರಳಿ ತಂದುಕೊಡಲಾರದು.

ತಿಪ್ಪೂರಿನ ಬೆಟ್ಟಗಳಿಗೂ ಆತಂಕ ತಪ್ಪಿಲ್ಲ. ೨೧ನೆಯ ಶತಮಾನದ ಎರಡನೆಯ ದಶಕದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆ ಇಲ್ಲಿ ಉತ್ಖನನವನ್ನು ನಡೆಸಿದಾಗ ಮಣ್ಣಿನಡಿ ಮುಚ್ಚಿಹೋಗಿದ್ದ ಬಸದಿಗಳ ಅಡಿಪಾಯಗಳು ಬೆಳಕಿಗೆ ಬಂದುವು. ಶಾಸನ ಹೇಳಿದ ಕನಕಗಿರಿ ತೀರ್ಥ ಕವಿಯ ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಸಮೃದ್ಧವಾದ ಜಿನಕ್ಷೇತ್ರವಾಗಿತ್ತೆಂಬುದು ಕಣ್ಣಿಗೆ ಕಾಣುವಂತಾಯಿತು. ಅದೇ ವರ್ಷಗಳಲ್ಲಿ ಸುತ್ತಲಿನ ಕಲ್ಲುಗಣಿಗಾರಿಕೆಯಿಂದ ಈ ಕ್ಷೇತ್ರಕ್ಕೆ ಒದಗಬಹುದಾದ ಅಪಾಯದ ಮಾತೂ ಪತ್ರಿಕೆಗಳಲ್ಲಿ ಕೇಳಿಬಂದಿತು. ಬಂಡೆ ಒಡೆದರೆ ಜಲ್ಲಿ ದೊರೆಯುತ್ತದೆ. ಒಡೆದ ಬಂಡೆಯ ಮೇಲಿನ ಬಿಂಬವಾಗಲಿ ಅಕ್ಷರವಾಗಲಿ ಮತ್ತೆ ದೊರೆಯುವುದಿಲ್ಲ.

ಉಳಿಸಿಕೊಳ್ಳುವ ದಾರಿ

ಹುಣಸೆಯನ್ನು ಪರಂಪರೆಯ ಭಾಗವೆಂದು ಗುರುತಿಸಿ ಕಾಪಾಡಬಹುದೆಂಬುದಕ್ಕೆ ಕರ್ನಾಟಕದಲ್ಲಿಯೇ ಮೇಲ್ಪಂಕ್ತಿಯಿದೆ. ದೇವನಹಳ್ಳಿಯ ಬಳಿಯ ನಲ್ಲೂರಿನಲ್ಲಿ ಸುಮಾರು ೫೪ ಎಕರೆಗಳಷ್ಟು ವಿಸ್ತಾರವಾದ ಪ್ರಾಚೀನ ಹುಣಸೆಯ ತೋಪು ಇದೆ. ಅದರಲ್ಲಿನ ಮರಗಳ ಸಂಖ್ಯೆ ಮುನ್ನೂರರ ಹತ್ತಿರ. ಕೆಲವು ಮರಗಳಿಗೆ ನಾಲ್ಕು ನೂರು ವರ್ಷಗಳಿಗೂ ಮೀರಿದ ವಯಸ್ಸು. ೨೦೦೭ರಲ್ಲಿ ಆ ತೋಪನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಭಾರತದಲ್ಲಿ ಈ ಗೌರವವನ್ನು ಪಡೆದ ಮೊತ್ತಮೊದಲ ತಾಣವೇ ಅದು. ಅರಣ್ಯದ ರಾಜನೆನಿಸಿದ ತೇಗವಲ್ಲ, ಪರಿಮಳದ ಶ್ರೀಗಂಧವಲ್ಲ, ಊರ ಹೊರಗಿನ ಹುಣಸೆಗೆ ಆ ಅಗ್ರಪೂಜೆ ಸಂದಿತು.

ನಲ್ಲೂರಿನಲ್ಲಿ ಮರಗಳಿವೆ, ತಿಪ್ಪೂರಿನಲ್ಲಿ ಮರದ ಹೆಸರು ಹೊತ್ತ ಕಲ್ಲಿದೆ. ಒಂದು ಸಸ್ಯಸಂಪತ್ತು, ಇನ್ನೊಂದು ಶಾಸನಸಂಪತ್ತು. ೧೧೧೭ರಲ್ಲಿ ಮೇಘಚಂದ್ರ ಸಿದ್ಧಾಂತದೇವರಿಗೆ ನೆರಳು ಕೊಟ್ಟ ಮರಗಳಲ್ಲಿ ಒಂದೂ ಇಂದು ಉಳಿದಿರಲಾರದು. ಒಂಬತ್ತು ನೂರು ವರ್ಷಗಳ ಬಾಳು ಹುಣಸೆಗೂ ಹೆಚ್ಚೇ. ಆದರೆ ಬೀಜದಿಂದ ಬೀಜಕ್ಕೆ ಮರದ ಕುಲ ಮುಂದುವರಿಯುವಂತೆ, ಗುರುವಿನಿಂದ ಶಿಷ್ಯನಿಗೆ ಗಚ್ಛದ ಕುಲ ಮುಂದುವರಿದಿತ್ತು. ಮರ ಮುಪ್ಪಾದರೆ ಹುಳಿ ಮುಪ್ಪೇ ಎಂಬ ಗಾದೆ ಹುಣಸೆಗೆ ಹೇಗೋ ಪರಂಪರೆಗೂ ಹಾಗೆಯೇ ಸಲ್ಲುತ್ತದೆ. ಮುಂದೆ ತಿಂತ್ರಿಣೀ ಗಚ್ಛದ ಹೆಸರು ಶಾಸನಗಳಿಂದ ಮರೆಯಾಯಿತು; ಅದರ ಯತಿಗಳು ಕಾಪಾಡಿದ ತೀರ್ಥಗಳಲ್ಲಿ ಕೆಲವು ಪಾಳುಬಿದ್ದುವು. ಉಳಿದುದು ಕಲ್ಲಿನ ಮೇಲಿನ ನಾಲ್ಕು ಅಕ್ಷರ.

ಆ ಅಕ್ಷರಗಳನ್ನು ಮತ್ತೆ ಜೀವಂತಗೊಳಿಸುವುದು ಕಷ್ಟದ ಕೆಲಸವಲ್ಲ. ಹೊಸ ಬಸದಿಯನ್ನು ಕಟ್ಟುವಾಗ, ಹಳೆಯದನ್ನು ಜೀರ್ಣೋದ್ಧಾರ ಮಾಡುವಾಗ, ಅಂಗಳಕ್ಕೆ ಕಲ್ಲು ಹಾಸುವ ಉತ್ಸಾಹದಲ್ಲಿ ಇದ್ದ ಮರಗಳನ್ನು ಕಡಿಯದಿರುವುದು ಮೊದಲ ಹೆಜ್ಜೆ. ಅಹಿಂಸೆಯನ್ನು ಏಕೇಂದ್ರಿಯ ಜೀವಿಗಳವರೆಗೆ ವಿಸ್ತರಿಸಿದ ಧರ್ಮಕ್ಕೆ ಇದು ಹೊರಗಿನವರು ಕಲಿಸಬೇಕಾದ ಪಾಠವಲ್ಲ. ಪ್ರಾಕಾರದ ಹೊರಗೆ, ಒಣನೆಲ ದೊರೆತಲ್ಲಿ, ಒಂದು ಹುಣಸೆಯ ಸಸಿಯನ್ನು ನೆಟ್ಟು, ಅದು ಮೂಲಸಂಘದ ಒಂದು ಗಚ್ಛದ ಹೆಸರೆಂದು ಮಕ್ಕಳಿಗೆ ತಿಳಿಸುವುದು ಎರಡನೆಯ ಹೆಜ್ಜೆ. ಶ್ರವಣಬೆಳಗೊಳ ಕಂಬದಹಳ್ಳಿಗಳ ಯಾತ್ರೆಗೆ ಹೊರಟ ಶ್ರಾವಕರು ಅರೆತಿಪ್ಪೂರಿಗೂ ಹೋಗಿ ಸವಣಪ್ಪನ ಬೆಟ್ಟವನ್ನು ಏರಿ ಬರುವುದು ಮೂರನೆಯದು. ಜನ ಬಂದು ಹೋಗುವ ಬೆಟ್ಟಕ್ಕೆ ಸುತ್ತಿಗೆಯ ಭಯ ಕಡಿಮೆ.

ಪ್ರತಿಷ್ಠೆಯೆಂದರೆ ನೆಲೆಗೊಳಿಸುವುದು. ಗೆದ್ದ ರಾಜ್ಯದ ಸಂತೋಷದಲ್ಲಿ ಗಂಗರಾಜನು ಬಂಡೆ ಬೆಟ್ಟಗಳ ಊರೊಂದನ್ನು ಬೇಡಿ ಹುಣಸೆಯ ಗಚ್ಛದ ಮುನಿಗೆ ಒಪ್ಪಿಸಿದಾಗ, ಅವನು ನೆಲೆಗೊಳಿಸಿದುದು ಒಂದು ಬಸದಿಯನ್ನು ಮಾತ್ರವಲ್ಲ. ಆ ಬಸದಿಗೆ ಆಸರೆಯಾದ ಊರು, ನೆಲ, ನೀರು, ಮರಗಳೆಲ್ಲವನ್ನೂ. ಆ ದಾನದ ಕಲ್ಲು ಇಂದಿಗೂ ಓದುವ ಕಣ್ಣಿಗೆ ದೊರೆಯುತ್ತದೆ. ಅದು ಹೆಸರಿಸಿದ ಮರದ ಸಂತತಿಯೂ ಮದ್ದೂರು ಮಳವಳ್ಳಿಗಳ ದಿಣ್ಣೆಗಳಲ್ಲಿ ಪ್ರತಿ ಮುಂಗಾರಿನಲ್ಲಿ ಹಳದಿ ಕೆಂಪಿನ ಸಣ್ಣ ಹೂವುಗಳನ್ನು ತಳೆಯುತ್ತಲೇ ಇದೆ.